ಉಪ್ಪು ಕಟ್ಟಿದ ಊರು ಪಿರಾನ್: ಎರಡು ರಾತ್ರಿ ಉಳಿದು ನೋಡುವ ಬಗೆ

ಸ್ಲೊವೇನಿಯಾದ ಪಾಲಿಗೆ ಸಿಕ್ಕಿರುವ ಕಡಲ ದಂಡೆ ಬರೀ 47 ಕಿಲೋಮೀಟರ್. ಕಾರವಾರದಿಂದ ಹೊರಟರೆ ಗೋಕರ್ಣ ಸಿಗುವ ಮೊದಲೇ ಅಷ್ಟು ದೂರ ಮುಗಿದಿರುತ್ತದೆ. ಆ ಪುಟ್ಟ ದಂಡೆಯಲ್ಲಿ ಆಡ್ರಿಯಾಟಿಕ್ ಸಮುದ್ರದೊಳಕ್ಕೆ ಒಂದು ಚೂಪು ತುಂಡು ನೆಲ ಚಾಚಿಕೊಂಡಿದೆ. ಅದರ ಮೇಲೆ ಒಂದಕ್ಕೊಂದು ಒತ್ತಿಕೊಂಡ ಹೆಂಚಿನ ಮನೆಗಳು, ಗುಡ್ಡದ ಮೇಲೊಂದು ಚರ್ಚು, ಸುತ್ತ ನೀರು. ಇದೇ ಪಿರಾನ್. ಹಳೇ ಊರನ್ನು ಈ ಕೊನೆಯಿಂದ ಆ ಕೊನೆಗೆ ನಡೆಯಲು ಕಾಲು ಗಂಟೆ ಸಾಕು.

ಅಷ್ಟು ಸಣ್ಣ ಊರು ಅಂತಲೇ ಬಹಳ ಜನ ಇಲ್ಲಿ ಉಳಿಯುವುದಿಲ್ಲ. ವೆನಿಸ್‌ಗೋ ಕ್ರೊಯೇಶಿಯಾಕ್ಕೋ ಹೋಗುವ ದಾರಿಯಲ್ಲಿ ಎರಡು ಗಂಟೆ ನಿಂತು, ಚೌಕದಲ್ಲಿ ಫೋಟೊ ತೆಗೆದುಕೊಂಡು ಹೊರಡುತ್ತಾರೆ. ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ಎರಡನೇ ಸಲ ಎರಡು ರಾತ್ರಿ ಉಳಿದೆ. ಊರು ಅರ್ಥವಾಗಿದ್ದು ಆಗ, ಅದೂ ಊರಿಗಿಂತ ಆಚೆ, ಉಪ್ಪಿನ ಆಗರದ ಬದುವಿನ ಮೇಲೆ ನಿಂತಾಗ. ಇಲ್ಲಿಯ ಚರ್ಚು, ಕೋಟೆ, ಬಣ್ಣದ ಮನೆಗಳಿಗೆಲ್ಲ ದುಡ್ಡು ಬಂದಿದ್ದು ಉಪ್ಪಿನಿಂದ. ಉಪ್ಪು ನೋಡದೆ ಬಂದರೆ ಅರ್ಧ ಪಿರಾನ್ ಮಾತ್ರ ನೋಡಿದ ಹಾಗೆ. ಹಾಗಾಗಿ ಈ ಮಾರ್ಗದರ್ಶಿಯನ್ನು ಎರಡು ರಾತ್ರಿಯ ಲೆಕ್ಕದಲ್ಲಿ ಬರೆದಿದ್ದೇನೆ: ಒಂದು ಸಂಜೆ ಬಂದು ಸೇರುವುದು, ಮಾರನೇ ದಿನ ಪೂರ್ತಿ ಇರುವುದು, ಮೂರನೇ ದಿನ ಮಧ್ಯಾಹ್ನ ಹೊರಡುವುದು.

1. ತಿಂಗಳು ಆರಿಸಿಕೊಳ್ಳಿ

ಮೇ ಕೊನೆ, ಜೂನ್ ಅಥವಾ ಸೆಪ್ಟೆಂಬರ್ ಮೊದಲ ಎರಡು ವಾರ. ಈ ದಿನಗಳಲ್ಲಿ ಬಿಸಿಲು ಹಿತವಾಗಿರುತ್ತದೆ, ಆಗರದಲ್ಲಿ ಕೆಲಸವೂ ನಡೆದಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಯುರೋಪಿನವರಿಗೆಲ್ಲ ರಜೆ. ಕೋಣೆಗೆ ಬಾಡಿಗೆ ಜಾಸ್ತಿ, ದಡದಲ್ಲಿ ಟವೆಲ್ ಹಾಸಲು ಜಾಗ ಕಡಿಮೆ. ಈಜುವ ಆಸೆ ಇದ್ದರೆ ಜೂನ್‌ಗಿಂತ ಸೆಪ್ಟೆಂಬರ್ ವಾಸಿ, ಬೇಸಿಗೆಯೆಲ್ಲ ಕಾದ ನೀರು ಆಗಿನ್ನೂ ಬೆಚ್ಚಗಿರುತ್ತದೆ. ಸಂಗೀತ ಇಷ್ಟವಿದ್ದವರು ಇದೇ ಊರಿನ ಪಿಟೀಲು ವಾದಕ ತಾರ್ತೀನಿಯ ಹೆಸರಲ್ಲಿ ಆಗಸ್ಟ್ ಕೊನೆಯಿಂದ ನಡೆಯುವ ಉತ್ಸವಕ್ಕೆ ಹೊಂದಿಸಿಕೊಳ್ಳಬಹುದು. ಚಳಿಗಾಲದಲ್ಲಿ ಈಶಾನ್ಯದಿಂದ ಬೂರ್ಯಾ ಎಂಬ ಗಾಳಿ ಬೀಸುತ್ತದೆ. ಒಣ ಗಾಳಿ, ಎಲುಬಿಗೆ ತಾಗುವಷ್ಟು ಚಳಿ. ಮೊದಲ ಭೇಟಿಗೆ ಆ ಕಾಲ ಬೇಡ.

2. ವೀಸಾ ಕೆಲಸ ಬೇಗ ಮುಗಿಸಿ

ಸ್ಲೊವೇನಿಯಾ ಷೆಂಗೆನ್ ದೇಶ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನದು. ನಾಣ್ಯ ಯೂರೋ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಷೆಂಗೆನ್ ವೀಸಾ ಬೇಕು. ಪ್ರವಾಸದಲ್ಲಿ ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಅದರ ಮೂಲಕ ಅರ್ಜಿ ಹಾಕಬೇಕು. ಇಟಲಿಯಲ್ಲಿ ಆರು ದಿನ, ಸ್ಲೊವೇನಿಯಾದಲ್ಲಿ ಮೂರು ದಿನ ಅಂದರೆ ಇಟಲಿಗೆ ಅರ್ಜಿ. ಹೊರಡುವುದಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ತೀರ ತಡ ಅಂದರೆ 15 ದಿನ ಮೊದಲು. ಆದರೆ ಆ ಕೊನೇ ಗಡುವನ್ನು ನಂಬಿ ಕೂರಬೇಡಿ. ಬೇಸಿಗೆ ರಜೆಯ ಕಾಲದಲ್ಲಿ ಅರ್ಜಿ ಕೊಡಲು ದಿನ ಸಿಗುವುದೇ ಕಷ್ಟ, ಮೂರು ತಿಂಗಳು ಮೊದಲೇ ಶುರು ಮಾಡಿ. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ಖರ್ಚು ಭರಿಸುವ ಪ್ರವಾಸಿ ಆರೋಗ್ಯ ವಿಮೆ ಕಡ್ಡಾಯ.

2023ರ ಜನವರಿ 1ರಿಂದ ಕ್ರೊಯೇಶಿಯಾ ಕೂಡ ಷೆಂಗೆನ್ ಸೇರಿದೆ, ಯೂರೋ ಬಳಸುತ್ತಿದೆ. ಹಾಗಾಗಿ ಪಿರಾನ್‌ನಿಂದ ಪಕ್ಕದ ರೋವಿನ್ಯ್ ಊರಿಗೆ ಹೋಗಿ ಬರಲು ಬೇರೆ ವೀಸಾ ಬೇಡ. ಆದರೂ ಗಡಿ ದಾಟುವಾಗ ಪಾಸ್‌ಪೋರ್ಟ್ ಕೈಚೀಲದಲ್ಲೇ ಇರಲಿ. ಷೆಂಗೆನ್ ಒಳಗಿನ ಗಡಿಯಲ್ಲೂ ಪೊಲೀಸರು ಬಸ್ ಹತ್ತಿ ತಪಾಸಣೆ ಮಾಡುವುದುಂಟು.

3. ತಲುಪುವ ದಾರಿ

ರಾಜಧಾನಿ ಲ್ಯುಬ್ಲಿಯಾನಾದಿಂದ ಪಿರಾನ್ ಸುಮಾರು 120 ಕಿಲೋಮೀಟರ್. ನೇರ ಬಸ್ ಸಿಕ್ಕರೆ ಎರಡೂವರೆಯಿಂದ ಮೂರು ಗಂಟೆ. ರೈಲು ಕೋಪರ್ ಬಂದರಿನವರೆಗೆ ಮಾತ್ರ, ಅಲ್ಲಿಂದ ಮುಂದಕ್ಕೆ ಬಸ್. ಇಟಲಿ ಕಡೆಯಿಂದ ಬರುವವರು ತ್ರಿಯೆಸ್ತೆಗೆ ಬಂದು, ಅಲ್ಲಿಂದ ಕೋಪರ್ ಮೇಲೆ ಬಂದರೆ ಹತ್ತಿರ. ಭಾನುವಾರ ಬಸ್ಸುಗಳು ಕಡಿಮೆ, ಇದು ನೆನಪಿರಲಿ. ಬಸ್ ನಿಲ್ದಾಣದಿಂದ ದೋಣಿಕಟ್ಟೆಯ ಪಕ್ಕದಲ್ಲೇ ಐದು ನಿಮಿಷ ನಡೆದರೆ ಊರಿನ ಮುಖ್ಯ ಚೌಕ.

ಕಾರು ಬಾಡಿಗೆಗೆ ಹಿಡಿಯುವವರಿಗೆ ಎರಡು ಮಾತು. ಒಂದು, ಸ್ಲೊವೇನಿಯಾದ ಹೆದ್ದಾರಿ ಏರುವ ಮೊದಲು ಇ-ವಿನ್ಯೆಟಾ ಎಂಬ ಡಿಜಿಟಲ್ ಟೋಲ್ ಚೀಟಿ ಕೊಳ್ಳಬೇಕು. ಒಂದು ವಾರದ ಚೀಟಿಯೂ ಸಿಗುತ್ತದೆ. ಕಾರಿಗೆ ಮೊದಲೇ ಇದೆಯಾ ಅಂತ ಬಾಡಿಗೆಯವರನ್ನು ಕೇಳಿ. ಎರಡು, ಹಳೇ ಊರಿನೊಳಗೆ ಹೊರಗಿನ ಕಾರು ಬಿಡುವುದಿಲ್ಲ. ಊರ ಹೊರಗಿನ ಫೊರ್ನಾಚೆ ಪಾರ್ಕಿಂಗ್ ಕಟ್ಟಡದಲ್ಲಿ ನಿಲ್ಲಿಸಿ, ಅಲ್ಲಿಂದ ಮಿನಿ ಬಸ್ ಹಿಡಿಯಿರಿ. ದಂಡೆಗುಂಟ ನಡೆದರೂ ದೂರವೇನಲ್ಲ.

4. ಕೋಣೆ ಎಲ್ಲಿ ಹಿಡಿಯಬೇಕು

ಪಕ್ಕದ ಪೊರ್ತೊರೋಜ್‌ನಲ್ಲಿ ದೊಡ್ಡ ದೊಡ್ಡ ಹೋಟೆಲುಗಳಿವೆ, ಮರಳಿನ ಬೀಚೂ ಇದೆ. ಮಕ್ಕಳಿದ್ದರೆ ಅದು ಅನುಕೂಲ. ಆದರೆ ನನ್ನ ಮಾತು ಕೇಳಿದರೆ, ಪಿರಾನಿನ ಒಳಗೇ ಕೋಣೆ ಹಿಡಿಯಿರಿ. ದಿನದ ಪ್ರವಾಸಿಗರು ಸಂಜೆ ಬಸ್ ಹತ್ತಿ ಹೋದ ಮೇಲೆ ಊರು ಊರಿನವರಿಗೆ ವಾಪಸ್ ಸಿಗುತ್ತದೆ. ಅಜ್ಜಿಯಂದಿರು ಕುರ್ಚಿ ಹಾಕಿಕೊಂಡು ಬಾಗಿಲಲ್ಲಿ ಕೂರುತ್ತಾರೆ, ಚೌಕದಲ್ಲಿ ಹುಡುಗರು ಸೈಕಲ್ ಸುತ್ತು ಹಾಕುತ್ತಾರೆ. ಆ ಹೊತ್ತಿಗೆ ನೀವೂ ಅಲ್ಲಿರಬೇಕು.

ಬುಕ್ ಮಾಡುವ ಮೊದಲು ಮನೆಯವರಿಗೆ ಎರಡು ಪ್ರಶ್ನೆ ಕೇಳಿ: ಎಷ್ಟನೇ ಮಹಡಿ, ಎಷ್ಟು ಮೆಟ್ಟಿಲು? ಹಳೇ ಮನೆಗಳಲ್ಲಿ ಲಿಫ್ಟ್ ಇರುವುದು ಅಪರೂಪ. ಮೆಟ್ಟಿಲು ಕಡಿದು, ಅಗಲ ಕಡಿಮೆ. ಓಣಿಗಳಿಗೆ ಕಲ್ಲು ಹಾಸಿದೆ, ದೊಡ್ಡ ಸೂಟ್‌ಕೇಸಿನ ಚಕ್ರ ಕೆಲಸಕ್ಕೆ ಬರುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಬೆನ್ನುಚೀಲ ಸಾಕು. ಬಾಡಿಗೆಯ ಮೇಲೆ ತಲೆಗಿಷ್ಟು ಅಂತ ಪ್ರವಾಸಿ ತೆರಿಗೆ ಬೇರೆ ಇರುತ್ತದೆ, ಗಾಬರಿ ಬೇಡ.

5. ಮೊದಲ ಸಂಜೆ: ಚೌಕ ಮತ್ತು ನೆಲದ ಮೂಗು

ಚೀಲ ಇಟ್ಟು ಸೀದಾ ತಾರ್ತೀನಿ ಚೌಕಕ್ಕೆ ಬನ್ನಿ. ನಡುವೆ ಬಿಳಿ ಕಲ್ಲು ಹಾಸಿದ ಮೊಟ್ಟೆಯಾಕಾರದ ಬಯಲು. ನೀವು ನಿಂತಿರುವ ಜಾಗ ಒಂದು ಕಾಲದಲ್ಲಿ ನೀರು. ಮೀನುದೋಣಿಗಳು ಇಲ್ಲಿಯವರೆಗೆ ಬಂದು ಕಟ್ಟಿಕೊಳ್ಳುತ್ತಿದ್ದವು. ಈ ಒಳಬಂದರನ್ನು 1894ರಲ್ಲಿ ಮುಚ್ಚಿ ಚೌಕ ಮಾಡಿದರು. ಇದು ಗೊತ್ತಾದ ಮೇಲೆ ಸುತ್ತಲಿನ ಮನೆಗಳನ್ನು ನೋಡಿ. ಎಲ್ಲ ಮನೆಗಳೂ ದೋಣಿಗಳಿಗೆ ಮುಖ ಮಾಡಿ ಕಟ್ಟಿದವು ಅನ್ನುವುದು ತಾನಾಗಿ ಕಾಣುತ್ತದೆ.

ನಡುವಿನ ಪ್ರತಿಮೆ ಪಿಟೀಲು ವಾದಕ ಜುಸೆಪ್ಪೆ ತಾರ್ತೀನಿಯದು. ಹುಟ್ಟಿದ್ದು 1692ರಲ್ಲಿ, ಇದೇ ಊರಿನಲ್ಲಿ. ಪ್ರತಿಮೆ ನಿಂತಿದ್ದು 1896ರಲ್ಲಿ. ಪಿಟೀಲಿನ ಎರಡು ತಂತಿಗಳನ್ನು ಒಟ್ಟಿಗೆ, ಜೋರಾಗಿ, ಶುದ್ಧ ಶ್ರುತಿಯಲ್ಲಿ ನುಡಿಸಿದರೆ ಯಾರೂ ನುಡಿಸದ ಮೂರನೇ ಸ್ವರವೊಂದು ಕೆಳಗೆ ಕೇಳಿಸುತ್ತದೆ. ಅದನ್ನು ಗುರುತಿಸಿ ಶ್ರುತಿ ಸರಿಯಿದೆಯಾ ಅಂತ ನೋಡಲು ಬಳಸಿದವರು ಇವರು. ಆ ಸ್ವರಕ್ಕೆ ಈಗಲೂ ಅವರದೇ ಹೆಸರು. ಅವರು ಹುಟ್ಟಿದ ಮನೆ ಚೌಕದ ಅಂಚಿನಲ್ಲೇ ಇದೆ, ಒಳಗೆ ಅವರ ಒಂದು ಪಿಟೀಲು ಇಟ್ಟಿದ್ದಾರೆ. ಚೌಡಯ್ಯನವರ ಪಿಟೀಲು ಕೇಳಿ ಬೆಳೆದ ನಮ್ಮವರು ಆ ಕೋಣೆಯಲ್ಲಿ ಹತ್ತು ನಿಮಿಷ ಜಾಸ್ತಿಯೇ ನಿಲ್ಲುತ್ತಾರೆ.

ಚೌಕದ ಮೂಲೆಯಲ್ಲಿ ಒಂದು ಕೆಂಪು ಮನೆ ಕಾಣುತ್ತದೆ. 15ನೇ ಶತಮಾನದ್ದು, ಚೂಪು ಕಮಾನಿನ ಕಿಟಕಿಗಳು. ಇದಕ್ಕೆ ವೆನಿಸ್ ಮನೆ ಅಂತಲೇ ಹೆಸರು. ಮೇಲಿನ ಕಿಟಕಿಗಳ ನಡುವೆ ಕಣ್ಣು ಹಾಯಿಸಿ: ಕಲ್ಲಿನ ಸಿಂಹ, ಅದರ ಜೊತೆಗೆ ಒಂದು ಪಟ್ಟಿ, ಪಟ್ಟಿಯ ಮೇಲೆ ಕೆತ್ತಿದ ಅಕ್ಷರಗಳು. ‘ಲಾಸ್ಸಾ ಪುರ್ ದೀರ್’, ಅಂದರೆ ‘ಆಡಿಕೊಳ್ಳಲಿ ಬಿಡು’. ಊರವರು ಹೇಳುವ ಕಥೆ ಹೀಗೆ: ವೆನಿಸ್‌ನ ಸಿರಿವಂತ ವ್ಯಾಪಾರಿಯೊಬ್ಬ ಇಲ್ಲಿಯ ಹುಡುಗಿಯನ್ನು ಮೆಚ್ಚಿದ. ಊರ ಬಾಯಿ ಸುಮ್ಮನಿರುತ್ತದೆಯೇ? ಅವನು ಅವಳಿಗೆ ಚೌಕದ ಮೇಲೇ ಮನೆ ಕಟ್ಟಿಸಿಕೊಟ್ಟು, ಉತ್ತರವನ್ನು ಗೋಡೆಯ ಮೇಲೆ ಕೆತ್ತಿಸಿದನಂತೆ. ನನಗೆ ಇಡೀ ಚೌಕದಲ್ಲಿ ಅತಿ ಇಷ್ಟವಾದದ್ದು ಆ ಮೂರು ಪದ.

ಸೂರ್ಯ ಮುಳುಗುವ ಮುಕ್ಕಾಲು ಗಂಟೆ ಮೊದಲು ದಂಡೆಯ ಹಾದಿ ಹಿಡಿದು ಪುಂತಾ ಕಡೆ ನಡೆಯಿರಿ. ಪುಂತಾ ಅಂದರೆ ನೆಲದ ತುದಿ, ಸಣ್ಣ ಚರ್ಚು ಮತ್ತು ದೀಪಸ್ತಂಭ ಇರುವ ಜಾಗ. ಜೂನ್‌ನಲ್ಲಾದರೆ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಸುಮಾರಿಗೆ, ಊಟ ಆಮೇಲೆ ಇಟ್ಟುಕೊಳ್ಳಿ.

6. ಮಾರನೇ ಬೆಳಿಗ್ಗೆ: ಮೇಲಿನಿಂದ ಕೆಳಕ್ಕೆ

ಊರನ್ನು ಮೇಲಿನಿಂದ ಶುರು ಮಾಡಿ. ಬಿಸಿಲೇರುವ ಮೊದಲು ಕೋಟೆ ಗೋಡೆಗೆ ಹೋಗಬೇಕು. ಗುಡ್ಡದ ಮೇಲೆ ಉಳಿದಿರುವ ಈ ಗೋಡೆ, ಬುರುಜುಗಳು ವೆನಿಸ್ ಆಳ್ವಿಕೆಯ ಕಾಲದವು. ಸಣ್ಣ ಶುಲ್ಕವಿದೆ, ಚಿಲ್ಲರೆ ಇಟ್ಟುಕೊಂಡಿರಿ. ಮೆಟ್ಟಿಲು ಹತ್ತಿ ಬುರುಜಿನ ಸಂದಿಯಿಂದ ನೋಡಿದರೆ ಇಡೀ ಪಿರಾನ್ ಕೆಂಪು ತ್ರಿಕೋನವಾಗಿ ಕೆಳಗೆ ಬಿದ್ದಿರುತ್ತದೆ. ಎಡಕ್ಕೆ ಕೊಲ್ಲಿಯಾಚೆ ಕಾಣುವ ನೆಲ ಕ್ರೊಯೇಶಿಯಾ. ಬಲಕ್ಕೆ ನೀರಿನಾಚೆ ಇಟಲಿ. ಗಾಳಿ ತಿಳಿಯಾಗಿದ್ದ ದಿನ ಉತ್ತರಕ್ಕೆ ಆಲ್ಪ್ಸ್ ಬೆಟ್ಟಗಳೂ ಕಾಣುತ್ತವೆ.

ಅಲ್ಲಿಂದ ಇಳಿದು ಸಂತ ಜಾರ್ಜ್ ಚರ್ಚಿಗೆ ಬನ್ನಿ. ಪಕ್ಕದ ಗಂಟೆಗೋಪುರ 1608ರದ್ದು, ವೆನಿಸ್‌ನ ಸಂತ ಮಾರ್ಕ್ ಗೋಪುರದ ಮಾದರಿಯಲ್ಲಿ ಕಟ್ಟಿದ್ದು. ಒಳಗೆ ಮರದ ಮೆಟ್ಟಿಲು. ಮೇಲೆ ಗಂಟೆಗಳು ತಲೆಯ ಹತ್ತಿರವೇ ತೂಗುತ್ತವೆ. ಮಕ್ಕಳಿದ್ದರೆ ಗಡಿಯಾರ ನೋಡಿಕೊಂಡು ಹತ್ತಿ, ಗಂಟೆ ಬಾರಿಸುವ ಹೊತ್ತಿಗೆ ಕಿವಿ ಮುಚ್ಚಿಕೊಳ್ಳಿ. ಚರ್ಚಿನ ಹಿಂದೆ ನೆಲ ಕಡಲಿಗೆ ಕಡಿದಾಗಿ ಇಳಿಯುತ್ತದೆ. ಅಲೆ ಗುಡ್ಡವನ್ನು ಕೊರೆಯಬಾರದು ಅಂತ ಕಲ್ಲಿನ ಕಮಾನುಗಳ ಸಾಲನ್ನೇ ಒತ್ತುಗೋಡೆಯಾಗಿ ನಿಲ್ಲಿಸಿದ್ದಾರೆ. ಅದನ್ನು ಕೆಳಗಿನ ಹಾದಿಯಿಂದ ನೋಡಿದರೆ ಚೆನ್ನ.

ಈಗ ಓಣಿಗಳ ಒಳಗೆ ಇಳಿಯಿರಿ. ದಾರಿ ತಪ್ಪಿದರೂ ಚಿಂತೆ ಇಲ್ಲ, ಇಳಿಜಾರು ಹಿಡಿದರೆ ಕಡಲು ಸಿಕ್ಕೇ ಸಿಗುತ್ತದೆ. ಹುಡುಕಿಕೊಂಡು ಹೋಗಬೇಕಾದ ಒಂದು ಜಾಗ ಮೇ ಒಂದರ ಚೌಕ. ದೊಡ್ಡ ಚೌಕಕ್ಕಿಂತ ಹಳೆಯ ಚೌಕ ಇದು. ನಡುವೆ ಎತ್ತರದ ಕಲ್ಲುಕಟ್ಟೆ, ಮೇಲೆ ಎರಡು ಬಾವಿಕಟ್ಟೆ, ಮೆಟ್ಟಿಲ ಇಕ್ಕೆಲದಲ್ಲಿ ಕಾನೂನು ಮತ್ತು ನ್ಯಾಯವನ್ನು ಸೂಚಿಸುವ ಎರಡು ಪ್ರತಿಮೆ. ಆ ಕಟ್ಟೆಯ ಒಡಲೆಲ್ಲ ನೀರಿನ ತೊಟ್ಟಿ. ಮೂರು ಕಡೆ ಕಡಲಿದ್ದರೂ ಊರಿಗೆ ಕುಡಿಯುವ ನೀರಿಗೆ ಬರ. ದೊಡ್ಡ ಬರಗಾಲ ಬಂದ ಮೇಲೆ 1775-76ರಲ್ಲಿ ಇದನ್ನು ಕಟ್ಟಿದರು. ಸುತ್ತಲಿನ ಮನೆಗಳ ಮಾಡಿನ ಮಳೆನೀರು ಅಂಚಿಗೆ ಕಟ್ಟಿದ ನೀರುದೋಣಿಯಲ್ಲಿ ಹರಿದು ಇಲ್ಲಿಗೆ ಬಂದು ಸೇರುತ್ತಿತ್ತು. ಹೆಂಚಿನ ಮನೆಯಲ್ಲಿ ಬೆಳೆದವರು ಮಾಡಿನ ಅಂಚು, ದೋಣಿ, ತೊಟ್ಟಿ ಈ ಮೂರನ್ನೂ ಕಣ್ಣಲ್ಲೇ ಜೋಡಿಸಿಬಿಡುತ್ತಾರೆ, ಅಲ್ವಾ?

ನಡೆಯುವಾಗ ಬೀದಿ ಫಲಕಗಳನ್ನು ಗಮನಿಸಿ. ಎಲ್ಲ ಎರಡು ಭಾಷೆಯಲ್ಲಿವೆ, ಸ್ಲೊವೇನಿಯನ್ ಮತ್ತು ಇಟಾಲಿಯನ್. 1283ರಿಂದ 1797ರವರೆಗೆ ಈ ಊರು ವೆನಿಸ್ ಕೈಯಲ್ಲಿತ್ತು. ಆಮೇಲೆ ಆಸ್ಟ್ರಿಯಾ, ಮೊದಲ ಮಹಾಯುದ್ಧದ ನಂತರ ಇಟಲಿ, 1954ರಿಂದ ಯುಗೊಸ್ಲಾವಿಯಾ, 1991ರಿಂದ ಸ್ಲೊವೇನಿಯಾ. ಎರಡನೇ ಮಹಾಯುದ್ಧದ ನಂತರದ ವರ್ಷಗಳಲ್ಲಿ ಇಲ್ಲಿಯ ಇಟಾಲಿಯನ್ ಮಾತಿನ ಕುಟುಂಬಗಳಲ್ಲಿ ಹೆಚ್ಚಿನವು ಮನೆ ಬಿಟ್ಟು ಹೋದವು. ಉಳಿದವರ ಭಾಷೆಗೆ ಈಗ ಸಮಾನ ಸ್ಥಾನವಿದೆ. ಒಂದೇ ಮನೆಯ ಅಜ್ಜಿ, ಎಲ್ಲಿಗೂ ಹೋಗದೆ, ಎಷ್ಟು ದೇಶದ ಪ್ರಜೆಯಾಗಿರಬಹುದು ಅಂತ ಲೆಕ್ಕ ಹಾಕಿ ನೋಡಿ.

7. ಮಧ್ಯಾಹ್ನದ ಮೇಲೆ: ಉಪ್ಪಿನ ಆಗರ

ಇದಕ್ಕೆ ಮೂರು ಗಂಟೆಯಾದರೂ ಇಡಿ. ಸೆಚೋವ್ಲ್ಯೆ ಆಗರ ಪಿರಾನ್‌ನಿಂದ ದಕ್ಷಿಣಕ್ಕೆ, ಕ್ರೊಯೇಶಿಯಾ ಗಡಿಯ ಅಂಚಿನಲ್ಲಿದೆ. ಪೊರ್ತೊರೋಜ್‌ಗೆ ಹೋಗಿ ಅಲ್ಲಿಂದ ಬಸ್ ಹಿಡಿಯಬಹುದು. ಸೈಕಲ್ ಬಾಡಿಗೆಗೆ ತೆಗೆದುಕೊಂಡರೆ ಇನ್ನೂ ಚೆನ್ನ. 1902ರಿಂದ 1935ರವರೆಗೆ ತ್ರಿಯೆಸ್ತೆಯಿಂದ ಈಗ ಕ್ರೊಯೇಶಿಯಾದಲ್ಲಿರುವ ಪೊರೆಚ್‌ಗೆ ಪರೆಂಜಾನಾ ಎಂಬ ಸಣ್ಣ ಗೇಜಿನ ರೈಲು ಓಡುತ್ತಿತ್ತು. ಹಳಿ ತೆಗೆದ ಆ ದಾರಿಯೇ ಈಗ ಸೈಕಲ್ ಹಾದಿ. ಏರು ಕಡಿಮೆ.

ಆಗರಕ್ಕೆ ಎರಡು ಭಾಗ, ಎರಡು ಬೇರೆ ಬೇರೆ ಬಾಗಿಲು. ಲೇರಾ ಕಡೆ ಇಂದಿಗೂ ಉಪ್ಪು ತೆಗೆಯುತ್ತಾರೆ. ಫೊಂತಾನಿಜ್ಜೆ ಕಡೆ 1960ರ ದಶಕದಲ್ಲಿ ಕೆಲಸ ನಿಂತಿತು. ಅಲ್ಲಿ ಪಾಳುಬಿದ್ದ ಕಲ್ಲುಮನೆಗಳು, ಉಪ್ಪಿನ ಕೆಲಸದ ವಸ್ತುಸಂಗ್ರಹಾಲಯ ಮತ್ತು ಹಕ್ಕಿಗಳು. 1993ರಲ್ಲಿ ಈ ಆಗರ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗುನೆಲಗಳ ಪಟ್ಟಿಗೆ ಸೇರಿತು. ಒಂದೇ ಮಧ್ಯಾಹ್ನ ಇದ್ದರೆ ಲೇರಾ ಆರಿಸಿಕೊಳ್ಳಿ. ಹಕ್ಕಿ ನೋಡುವವರಾದರೆ ದುರ್ಬೀನು ಹಿಡಿದು ಫೊಂತಾನಿಜ್ಜೆಗೆ ಹೋಗಿ.

ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಆಗರ ನೋಡಿದವರಿಗೆ ಇಲ್ಲಿ ಮೊದಲ ನೋಟಕ್ಕೆ ಎಲ್ಲ ಗುರುತಿನದೇ ಅನಿಸುತ್ತದೆ: ಬದು, ಕಾಲುವೆ, ಚೌಕಾಕಾರದ ಮಡಿಗಳು, ಬಿಸಿಲಿಗೆ ಹೊಳೆಯುವ ನೀರು. ಉಬ್ಬರದಲ್ಲಿ ಕಡಲ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ. ಅದು ಒಂದು ಮಡಿಯಿಂದ ಇನ್ನೊಂದಕ್ಕೆ ಹರಿಯುತ್ತ, ಆರುತ್ತ, ಗಟ್ಟಿಯಾಗುತ್ತ ಕೊನೇ ಮಡಿಗೆ ಬರುತ್ತದೆ. ಹೊಸತು ಇರುವುದು ಆ ಕೊನೇ ಮಡಿಯ ತಳದಲ್ಲಿ.

ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ನೀರೊಳಗೆ ನೋಡಿ. ಉಪ್ಪಿನ ಹರಳಿನ ಕೆಳಗೆ ಮಣ್ಣು ಕಾಣುವುದಿಲ್ಲ. ಕಂದು ಬಣ್ಣದ ತೆಳ್ಳನೆ ಹಾಸೊಂದು ಕಾಣುತ್ತದೆ, ಚಾಪೆ ಹಾಸಿದ ಹಾಗೆ. ಅದರ ಹೆಸರು ಪೇತೊಲಾ. ಪಾಚಿಯಂಥ ಸೂಕ್ಷ್ಮಜೀವಿಗಳು, ಜಿಪ್ಸಂ, ಖನಿಜ ಸೇರಿ ಕಟ್ಟಿಕೊಂಡ ಜೀವಂತ ಪದರ. ಈ ಪದರ ಮಣ್ಣನ್ನು ಕೆಳಗೇ ತಡೆಯುತ್ತದೆ, ಉಪ್ಪು ಬೆಳ್ಳಗೆ ಬರುತ್ತದೆ. 14ನೇ ಶತಮಾನದಲ್ಲಿ ಕ್ರೊಯೇಶಿಯಾದ ಪಾಗ್ ದ್ವೀಪದಿಂದ ಬಂದ ವಿದ್ಯೆ ಇದು. ಚಳಿಗಾಲದಲ್ಲೂ ಇದನ್ನು ನೀರಲ್ಲಿ ಮುಚ್ಚಿಟ್ಟು ಕಾಪಾಡುತ್ತಾರೆ, ವಸಂತದಲ್ಲಿ ಶುಚಿ ಮಾಡಿ ಹದ ಮಾಡುತ್ತಾರೆ. ಇದು ಹರಿಯಬಾರದು ಅಂತ ಹಳೇ ಕಾಲದಲ್ಲಿ ಅಗಲವಾದ ಮರದ ಅಡಿಯ ಚಪ್ಪಲಿ ಹಾಕಿ ಮಡಿಗೆ ಇಳಿಯುತ್ತಿದ್ದರು.

ಉಪ್ಪು ಎಳೆಯುವುದು ಗಾವೆರೊ ಎಂಬ ಉದ್ದ ಹಿಡಿಯ ಮರದ ಹಲಗೆಯಿಂದ. ನಾನು ನೋಡಿದ ಕೆಲಸಗಾರ ಹಲಗೆಯನ್ನು ಒತ್ತುತ್ತಿರಲಿಲ್ಲ, ತೇಲಿಸುತ್ತಿದ್ದ. ಜಾಸ್ತಿ ಒತ್ತಿದರೆ ಪೇತೊಲಾ ಹರಿಯುತ್ತದೆ, ಕಡಿಮೆ ಒತ್ತಿದರೆ ಹರಳು ತಳದಲ್ಲೇ ಉಳಿಯುತ್ತದೆ. ಸರ್ ಸರ್ ಅಂತ ಸದ್ದು, ಹಲಗೆಯ ಮುಂದೆ ಬೆಳ್ಳಗೆ ಏಳುವ ಗುಡ್ಡೆ. ಒಳ್ಳೇ ಬಿಸಿಲಿದ್ದರೆ ದಿನದಿನವೂ ಹೀಗೆ ಎಳೆಯುತ್ತಾರೆ. ಒಂದು ಜೋರು ಮಳೆ ಬಂದರೆ ಹಲವು ದಿನದ ಬಿಸಿಲು ದಂಡ.

ಹಿಂದೆ ಇದು ಇಡೀ ಕುಟುಂಬದ ಕೆಲಸ. ಏಪ್ರಿಲ್ 24, ಸಂತ ಜಾರ್ಜ್ ದಿನದಂದು ಪಿರಾನಿನ ಮನೆಗೆ ಬೀಗ ಹಾಕಿ, ಮಕ್ಕಳು ಮರಿ ಸಮೇತ ದೋಣಿ ಹತ್ತಿ ಆಗರದ ಮನೆಗಳಿಗೆ ಬರುತ್ತಿದ್ದರು. ಕೆಳಗೆ ಉಪ್ಪಿನ ಕಣಜ, ಮೇಲೆ ಸಂಸಾರ. ವಾಪಸ್ ಹೋಗುತ್ತಿದ್ದುದು ಆಗಸ್ಟ್ 24ಕ್ಕೆ. ಬೆಳಿಗ್ಗೆ ನೀವು ಹತ್ತಿದ ಚರ್ಚು ಅದೇ ಸಂತ ಜಾರ್ಜ್‌ನದು. ಈಗಲೂ ಏಪ್ರಿಲ್‌ನಲ್ಲಿ ಆ ದಿನದ ಸುತ್ತಮುತ್ತ ಊರಲ್ಲಿ ಉಪ್ಪಿನ ಹಬ್ಬ ನಡೆಯುತ್ತದೆ.

ಆಗರದಲ್ಲಿ ನೆರಳಿಲ್ಲ. ಟೋಪಿ, ತಂಪು ಕನ್ನಡಕ, ನೀರಿನ ಬಾಟಲಿ ತಪ್ಪಿಸಬೇಡಿ. ಬದು ಬಿಟ್ಟು ಮಡಿಗೆ ಕಾಲಿಡಲೇಬೇಡಿ. ಪೇತೊಲಾ ಒಮ್ಮೆ ಹರಿದರೆ ಮತ್ತೆ ಕೂಡಿಕೊಳ್ಳಲು ಬಹಳ ಕಾಲ ಬೇಕು.

8. ಊಟ

ಮೀನು ತಿನ್ನುವವರಿಗೆ ತೊಂದರೆಯೇ ಇಲ್ಲ. ಪಿರಾನ್ ಕೊಲ್ಲಿಯಲ್ಲೇ ಸಾಕುವ ಬ್ರಾನ್ಸಿನ್ ಮೀನು ಹೆಸರುವಾಸಿ. ಉಪ್ಪು, ಆಲಿವ್ ಎಣ್ಣೆ ಬಿಟ್ಟು ಬೇರೇನೂ ಹಾಕದೆ ಸುಟ್ಟು ಕೊಡುತ್ತಾರೆ. ಮಸಾಲೆಗೆ ಒಗ್ಗಿದ ನಾಲಿಗೆಗೆ ಮೊದಲ ತುತ್ತು ಸಪ್ಪೆ ಅನಿಸಬಹುದು, ಮೂರನೇ ತುತ್ತಿಗೆ ಮೀನಿನ ರುಚಿ ಗೊತ್ತಾಗುತ್ತದೆ. ದಂಡೆಯ ಸಾಲು ಹೋಟೆಲುಗಳಿಗಿಂತ ಒಳ ಓಣಿಯ ಸಣ್ಣ ಹೋಟೆಲುಗಳಲ್ಲಿ ಬೆಲೆ ಕಡಿಮೆ. ಪಟ್ಟಿಯಲ್ಲಿ ಮೀನಿನ ಬೆಲೆ ಕಿಲೋ ಲೆಕ್ಕದಲ್ಲಿದ್ದರೆ ತೂಕ ಕೇಳಿಯೇ ಹೇಳಿ.

ಸಸ್ಯಾಹಾರಿಗಳು ಎರಡು ಮಾತು ಕಲಿತರೆ ಸಾಕು: ‘ಬ್ರೆಜ್ ಮೇಸಾ’ ಅಂದರೆ ಮಾಂಸವಿಲ್ಲದೆ, ‘ಬ್ರೆಜ್ ರೀಬ್’ ಅಂದರೆ ಮೀನಿಲ್ಲದೆ. ಎರಡನ್ನೂ ಹೇಳಿ, ಏಕೆಂದರೆ ಮೀನನ್ನು ಮಾಂಸದ ಲೆಕ್ಕಕ್ಕೆ ಸೇರಿಸದವರು ಇದ್ದಾರೆ. ಫೂಜಿ ಎಂಬ ಸುರುಳಿ ಪಾಸ್ತಾವನ್ನು ಈ ಸೀಮೆಯ ಟ್ರಫಲ್ ಅಣಬೆ ತುರಿದು ಕೊಡುತ್ತಾರೆ. ಬ್ಲಿತ್ವಾ ಅಂದರೆ ಸೊಪ್ಪು, ಆಲೂಗಡ್ಡೆ, ಬೆಳ್ಳುಳ್ಳಿಯ ಪಲ್ಯ. ಮೀನಿನ ಜೊತೆಗೆ ಬಡಿಸುವ ಪದಾರ್ಥ ಅದು, ಬರೀ ಅದನ್ನೇ ಬ್ರೆಡ್ ಜೊತೆ ಕೇಳಿದರೂ ಕೊಡುತ್ತಾರೆ. ಜೋಳದ ಬೋಬಿಚಿ ಸಾರಿಗೆ ಮಾಂಸದ ತುಂಡು ಹಾಕುವುದುಂಟು, ವಿಚಾರಿಸಿ. ನಲ್ಲಿ ನೀರು ಕುಡಿಯಬಹುದು. ಅಂಗಡಿಗೆ ಹೊಕ್ಕಾಗ ‘ದೋಬರ್ ದಾನ್’, ಹೊರಡುವಾಗ ‘ಹ್ವಾಲಾ’ ಅಂದರೆ ಮುಖ ಅರಳುತ್ತದೆ.

9. ಮೂರನೇ ಬೆಳಿಗ್ಗೆ: ನೀರಿಗೆ ಇಳಿಯಿರಿ

ಹಳೇ ಊರಿನಲ್ಲಿ ಮರಳಿಲ್ಲ. ಕಾಂಕ್ರೀಟ್ ಕಟ್ಟೆ, ಬಂಡೆ, ನೀರಿಗೆ ಇಳಿಯಲು ಕಬ್ಬಿಣದ ಏಣಿ. ತಳ ಕಾಣುವಷ್ಟು ತಿಳಿ ನೀರು, ಆದರೆ ಬಂಡೆಯ ಸಂದಿಯಲ್ಲಿ ಮುಳ್ಳಿನ ಕಡಲಚೆಂಡುಗಳಿರುತ್ತವೆ. ರಬ್ಬರ್ ಶೂ ಹಾಕಿಯೇ ಇಳಿಯಿರಿ. ಈಜು ಬಾರದವರು ಸಂತ ಜಾರ್ಜ್ ಚರ್ಚಿನ ಕೆಳಗಿನ ಹಾದಿ ಹಿಡಿದು ಒಂದು ಕಿಲೋಮೀಟರ್ ಪೂರ್ವಕ್ಕೆ ಫಿಯೇಸಾಕ್ಕೆ ನಡೆಯಿರಿ. ಅಲ್ಲಿ ಬೆಣಚುಕಲ್ಲಿನ ಸಣ್ಣ ದಡವಿದೆ, ನೀರಿಗೆ ಮೆಲ್ಲಗೆ ಇಳಿಯಬಹುದು. ದಡದ ಹಿಂದೆಯೇ ಎರಡು ಕೆರೆ, ಇಟ್ಟಿಗೆಗಾಗಿ ಜೇಡಿ ಅಗೆದ ಗುಂಡಿಗಳು ತುಂಬಿ ಆದವು. ನಡೆಯುವ ಉಮೇದಿದ್ದರೆ ಅಲ್ಲಿಂದ ಮುಂದೆ ಸ್ತ್ರುನ್ಯಾನ್ ಕಡೆ 80 ಮೀಟರ್ ಎತ್ತರದ ಪದರು ಪದರಾದ ಕಡಲ ಬಂಡೆಗೋಡೆ ಇದೆ. ಅದಕ್ಕೆ ಅರ್ಧ ದಿನ ಬೇಕು.

ಹೊರಡುವ ಮೊದಲು ಉಪ್ಪು ಕೊಳ್ಳಿ. ಎರಡು ಬಗೆ ಸಿಗುತ್ತದೆ. ಹಲಗೆಯಿಂದ ಎಳೆದ ಹರಳುಪ್ಪು ಅಡುಗೆಗೆ. ನೀರಿನ ಮೇಲೆ ತೇಲುವಾಗಲೇ ಕೆನೆಯ ಹಾಗೆ ತೆಗೆದ ಹಗುರ ಉಪ್ಪಿಗೆ ‘ಉಪ್ಪಿನ ಹೂ’ ಅನ್ನುತ್ತಾರೆ, ಅದಕ್ಕೆ ಬೆಲೆ ಜಾಸ್ತಿ. ಹೂವನ್ನು ಒಲೆಯ ಮೇಲೆ ಹಾಕಿ ಕರಗಿಸಬೇಡಿ. ವಿಮಾನಕ್ಕೆ ಕೈಚೀಲದಲ್ಲಿಟ್ಟರೆ ತಪಾಸಣೆಯಲ್ಲಿ ಪ್ರಶ್ನೆ ಬರಬಹುದು, ದೊಡ್ಡ ಚೀಲಕ್ಕೆ ಹಾಕಿ. ಮನೆಗೆ ಬಂದ ಕೂಡಲೇ ಗಾಜಿನ ಭರಣಿಗೆ ಸುರಿದು ಮುಚ್ಚಳ ಬಿಗಿ ಮಾಡಿ, ಮಳೆಗಾಲದಲ್ಲಿ ಬೇಗ ನೀರೊಡೆಯುತ್ತದೆ. ನಮ್ಮ ಮನೆಯಲ್ಲಿ ಅದನ್ನು ಮುಟ್ಟುವುದು ತೋತಾಪುರಿ ಮಾವಿನಕಾಯಿ ಬಂದಾಗ. ಹೋಳು ಮಾಡಿ, ತಿನ್ನುವ ಮುಂಚಿನ ಗಳಿಗೆಯಲ್ಲಿ ಮೇಲೊಂದು ಚಿಟಿಕೆ ಉದುರಿಸುತ್ತೇವೆ.